ಗಾಯ ಹೊಲಿಯುವ ವಿದ್ಯೆಯೂ ಅದರ ಅಭ್ಯಾಸವೂ

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಲ್ಲಿ ಶುಶ್ರೂಷಾ ಶಿಕ್ಷಣಕ್ಕೂ ವೈದ್ಯಕೀಯ ವ್ಯಾಸಂಗಕ್ಕೂ ಹೋಗುವವರು ಇದ್ದಾರೆ. ಅಲ್ಲಿನ ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಆಸ್ಪತ್ರೆಗೆ ಬರುವ ರೋಗಿಗಳು ಮಲಯಾಳದಲ್ಲೋ ತುಳುವಿನಲ್ಲೋ ಕನ್ನಡದಲ್ಲೋ ತಮ್ಮ ನೋವನ್ನು ತೋಡಿಕೊಳ್ಳುತ್ತಾರೆ. ಪುಸ್ತಕದ ವಿದ್ಯೆಯನ್ನು ಯಾವ ಭಾಷೆಯಲ್ಲಾದರೂ ಬಾಯಿಪಾಠ ಮಾಡಬಹುದು. ಕೈಯಿಂದ ಕಲಿಯತಕ್ಕ ವಿದ್ಯೆಯ ಮರ್ಮ ಮಾತ್ರ, ಮನೆಮಾತಿನಲ್ಲಿ ಒಮ್ಮೆ ಯೋಚಿಸಿ ನೋಡಿದವರಿಗೆ ಬೇಗ ಹತ್ತುತ್ತದೆಂದು ನಾವು ನಂಬಿದ್ದೇವೆ. ಆದಕಾರಣ ಈ ಸಂಚಿಕೆಗೆ ಗಾಯ ಹೊಲಿಯುವ ಮೂಲಪಾಠವನ್ನು ಆರಿಸಿಕೊಂಡಿದ್ದೇವೆ. ಆ ವೃತ್ತಿಗೆ ಹೋಗದ ವಾಚಕರಿಗೂ ಇದರಲ್ಲಿ ತಿಳಿಯತಕ್ಕದ್ದು ಸ್ವಲ್ಪವುಂಟು. ಹುಲ್ಲುಕತ್ತಿಯೂ ಮೆಟ್ಟುಕತ್ತಿಯೂ ಇಲ್ಲದ ಮನೆ ನಮ್ಮ ಕಡೆ ಅಪರೂಪ.

ಮೊದಲು ಹೊಲಿಗೆಯ ಕೆಲಸವೇನೆಂಬುದನ್ನು ವಿಚಾರಿಸೋಣ. ದರ್ಜಿಯು ಹೊಲಿದ ಅಂಗಿಯಲ್ಲಿ ಎರಡು ಬಟ್ಟೆಗಳನ್ನು ಕಡೆಯವರೆಗೂ ಹಿಡಿದಿಡುವುದು ದಾರ. ಚರ್ಮದಲ್ಲಿ ದಾರದ ಅಧಿಕಾರ ಕೆಲವೇ ದಿನಗಳದು. ಗಾಯದ ಎರಡು ಅಂಚುಗಳನ್ನು ಎದುರುಬದುರಾಗಿ ನಿಲ್ಲಿಸಿ, ದೇಹವು ತನ್ನ ಕೆಲಸವನ್ನು ತಾನು ಮಾಡಿಕೊಳ್ಳುವವರೆಗೆ ಅವು ಅಲುಗದಂತೆ ಕಾಯುವುದಷ್ಟೇ ಅದರ ಕರ್ತವ್ಯ. ಅಂಚುಗಳು ಸರಿಯಾಗಿ ಕೂಡಿದ್ದರೆ ಒಂದೆರಡು ದಿನಗಳಲ್ಲಿ ಮೇಲ್ಪದರದ ಜೀವಕೋಶಗಳು ಈ ದಡದಿಂದ ಆ ದಡಕ್ಕೆ ಹರಡಿ ಮುಚ್ಚುತ್ತವೆ. ಆಳದಲ್ಲಿ ಕೊಲಾಜೆನ್ ಎಂಬ ನಾರು ನಿಧಾನವಾಗಿ ನೇಯಲ್ಪಡುತ್ತದೆ. ಹೊಲಿಗೆ ಬಿಚ್ಚುವ ಹೊತ್ತಿಗೆ ಗಾಯದ ಬಲವು ಸಹಜ ಚರ್ಮದ ಬಲದ 10ರಲ್ಲಿ ಒಂದು ಪಾಲಿನಷ್ಟು ಮಾತ್ರ. ತಿಂಗಳುಗಳು ಕಳೆದ ಮೇಲೂ ಅದು 100ಕ್ಕೆ 80ರ ಸುಮಾರಿಗೆ ನಿಲ್ಲುತ್ತದೆ. ದಾರವನ್ನು ಬಲವಾಗಿ ಬಿಗಿದರೆ ಗಾಯ ಬೇಗ ಕೂಡೀತೆಂಬ ಭಾವನೆ ಹೊಸಬರಲ್ಲಿ ಸಾಮಾನ್ಯ. ಬಿಗಿದರೆ ಅಂಚಿನ ರಕ್ತಸಂಚಾರ ನಿಂತು, ಸೇರಬೇಕಾದ ಚರ್ಮವೇ ಸಾಯುತ್ತದೆ.

ಈ ವಿದ್ಯೆಯನ್ನು ಜೀವವಿಲ್ಲದ ವಸ್ತುಗಳ ಮೇಲೆ ಮೊದಲು ಕಲಿಯಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಹು ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 9ನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಇಲ್ಲಿ ಯೋಗ್ಯಾ ಎಂದರೆ ಅಭ್ಯಾಸ. ಎಷ್ಟು ಶಾಸ್ತ್ರ ಓದಿದ್ದರೂ ಅಭ್ಯಾಸ ಮಾಡದ ಶಿಷ್ಯನು ಕರ್ಮಕ್ಕೆ ಅಯೋಗ್ಯನೆಂದು ಆ ಗ್ರಂಥ ಹೇಳುತ್ತದೆ. ಅಭ್ಯಾಸಕ್ಕೆ ಅಲ್ಲಿ ಸೂಚಿಸಿರುವ ಸಾಮಗ್ರಿಗಳನ್ನು ನೋಡಿದರೆ ನಮ್ಮ ಹಿತ್ತಲನ್ನೇ ನೋಡಿದಂತಾಗುತ್ತದೆ. ಕತ್ತರಿಸುವುದನ್ನು ಕಲಿಯಲು ಕುಂಬಳ, ಸೋರೆ, ಕಲ್ಲಂಗಡಿ, ಸೌತೆ. ಸೀಳುವುದಕ್ಕೆ ನೀರನ್ನೋ ಕೆಸರನ್ನೋ ತುಂಬಿದ ತೊಗಲಿನ ಚೀಲ. ಕೆರೆಯುವುದಕ್ಕೆ ಕೂದಲುಳ್ಳ ಚರ್ಮ. ಚುಚ್ಚುವುದಕ್ಕೆ ಸತ್ತ ಪ್ರಾಣಿಯ ರಕ್ತನಾಳ ಮತ್ತು ತಾವರೆಯ ದಂಟು. ಹೊರಗೆಳೆಯುವುದಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು. ಹೊಲಿಯುವುದಕ್ಕೆ ತೆಳ್ಳನೆಯ ಬಟ್ಟೆಯ ಅಂಚು, ದಪ್ಪ ಬಟ್ಟೆಯ ಅಂಚು, ಮೃದುವಾದ ಚರ್ಮದ ಅಂಚು. ಪಟ್ಟಿ ಕಟ್ಟುವುದನ್ನು ಕಲಿಯಲು ಮನುಷ್ಯಾಕಾರದ ಬೊಂಬೆ. ತೆಳ್ಳನೆಯದು, ದಪ್ಪನೆಯದು ಎಂದು ಎರಡು ಬಟ್ಟೆಗಳನ್ನು ಬೇರೆಬೇರೆಯಾಗಿ ಹೇಳಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಣ್ಣಿನ ರೆಪ್ಪೆಯ ಚರ್ಮಕ್ಕೂ ಅಂಗಾಲಿನ ಚರ್ಮಕ್ಕೂ ಇರುವ ಭೇದವನ್ನು ಕೈಯು ಅಲ್ಲಿಂದಲೇ ಕಲಿಯತೊಡಗುತ್ತದೆ.

ಅದೇ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಹೊಲಿಗೆಯ ವಿಧಾನಗಳು ಬರುತ್ತವೆ. ಮಾಂಸ ಕಡಮೆಯಿರುವ ಸ್ಥಳಕ್ಕೂ ಕೀಲುಗಳಿಗೂ 2 ಅಂಗುಲದ ದುಂಡು ಸೂಜಿ, ಮಾಂಸಲವಾದ ಸ್ಥಳಕ್ಕೆ 3 ಅಂಗುಲದ ಮೂರು ಮೂಲೆಯ ಸೂಜಿ, ಹೊಟ್ಟೆ ಮುಂತಾದ ಕಡೆಗೆ ಬಿಲ್ಲಿನಂತೆ ಬಾಗಿದ ಸೂಜಿ. ಹೊಲಿಗೆಗಳು ಬಹಳ ದೂರವೂ ಇರಬಾರದು, ಬಹಳ ಹತ್ತಿರವೂ ಇರಬಾರದು. ದೂರವಾದರೆ ಗಾಯದ ಅಂಚು ನೋಯುತ್ತದೆ, ಹತ್ತಿರವಾದರೆ ಹರಿಯುತ್ತದೆ. ಧೂಳು, ಕೂದಲು, ಎಲುಬಿನ ಚೂರು ಮುಂತಾದುವನ್ನು ತೆಗೆಯದೆ ಹೊಲಿದರೆ ಒಳಗೆ ಕೀವಾಗುತ್ತದೆಂದು ಹೇಳಿ, ವಿಷದಿಂದಲೂ ಬೆಂಕಿಯಿಂದಲೂ ಆದ ಗಾಯಗಳನ್ನು ಹೊಲಿಯಬಾರದವುಗಳ ಪಟ್ಟಿಗೆ ಸೇರಿಸಿದೆ. ಅರಿವಳಿಕೆಯೂ ರೋಗಾಣುವಿನ ಜ್ಞಾನವೂ ಇಲ್ಲದ ಕಾಲದಲ್ಲಿ ಬರಿಯ ಕಣ್ಣಿನಿಂದ ಕಂಡುಕೊಂಡ ಈ ಮಾತುಗಳಲ್ಲಿ ಇಂದಿಗೂ ಬಿಡತಕ್ಕದ್ದು ಹೆಚ್ಚಿಲ್ಲ. ಹಾಗೆಂದು ಎಲ್ಲವೂ ಅಲ್ಲಿಯೇ ಇತ್ತೆಂದು ಹೆಮ್ಮೆಪಡುವುದೂ ಸಲ್ಲದು; ದಾರವನ್ನೂ ಕೈಯನ್ನೂ ನಿರ್ಜಂತುಕಗೊಳಿಸುವ ಪದ್ಧತಿಗೆ 1867ರಲ್ಲಿ ತನ್ನ ಲೇಖನಗಳಿಂದ ದಾರಿ ತೋರಿದ ಲಿಸ್ಟರನವರೆಗೆ ಜಗತ್ತು ಕಾಯಬೇಕಾಯಿತು.

ಪಶ್ಚಿಮದಲ್ಲಿಯೂ ಒಂದು ರಸವತ್ತಾದ ಪ್ರಸಂಗವುಂಟು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಲಿಯೋನ್ ನಗರದಲ್ಲಿ ಹಂತಕನ ಇರಿತಕ್ಕೆ ಸಿಕ್ಕಿ ಮಡಿದನು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವೊಂದು ಕತ್ತರಿಸಿಹೋಗಿತ್ತು. ಅದನ್ನು ಹೊಲಿಯುವ ಉಪಾಯ ಶಸ್ತ್ರವೈದ್ಯರಿಗೆ ಆಗ ಕೈವಶವಾಗಿರಲಿಲ್ಲ. ಅದೇ ನಗರದ ತರುಣ ವೈದ್ಯ ಅಲೆಕ್ಸಿಸ್ ಕಾರೆಲ್, ಸಣ್ಣ ಸೂಜಿಯ ಹಿಡಿತವನ್ನು ಕಲಿಯಲು ಕಸೂತಿ ಹಾಕುವ ಹೆಂಗಸೊಬ್ಬಳಲ್ಲಿ ಪಾಠ ಹೇಳಿಸಿಕೊಂಡನು. ರಕ್ತನಾಳಗಳನ್ನು ಹೊಲಿಯುವ ಅವನ ವಿಧಾನ 1902ರಲ್ಲಿ ಪ್ರಕಟವಾಯಿತು. 1912ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕಸೂತಿ ಬಲ್ಲ ನಮ್ಮ ಹೆಣ್ಣುಮಕ್ಕಳು ಶುಶ್ರೂಷಾ ಶಾಲೆಗೆ ಹೋಗುವಾಗ ಅದನ್ನು ಒಂದು ಬಂಡವಾಳವೆಂದೇ ಭಾವಿಸಬಹುದು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಹೊಲಿಗೆ ಕಲಿಯುವವರು ಎಲ್ಲಕ್ಕಿಂತ ಮೊದಲು ಕಲಿಯತಕ್ಕದ್ದು, ಯಾವುದನ್ನು ಹೊಲಿಯಬಾರದು ಎಂಬುದನ್ನು. ದೂರವಾಣಿಯ ತೆರೆಯ ಮೇಲೆ ಹೊಲಿಗೆ ಹಾಕುವ ಚಲಚ್ಚಿತ್ರಗಳು ಈಗ ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಸೂಜಿ ಹೋಗುವ ದಾರಿಯನ್ನು ಚೆನ್ನಾಗಿ ತೋರಿಸುತ್ತಾರೆ. ಗಾಯವನ್ನು ನೋಡಿ ತೀರ್ಮಾನಿಸುವ ವಿವೇಕವನ್ನು ಮಾತ್ರ ಹಾಗೆ ತೋರಿಸಲು ಬಾರದು.

ನಾವು ಬಲ್ಲ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಹುಲ್ಲು ಕೊಯ್ಯುತ್ತಿದ್ದ ಕೂಲಿಯವನೊಬ್ಬನ ಎಡಗೈಯ ತೋರುಬೆರಳಿಗೆ ಒಳಮಗ್ಗುಲಿನಲ್ಲಿ ಕತ್ತಿ ತಗುಲಿತು. ರಕ್ತ ನಿಂತಿತು, ಹೊಲಿಗೆ ಬಿತ್ತು. ಅಂಚುಗಳು ಎಷ್ಟು ಅಂದವಾಗಿ ಕೂಡಿದ್ದುವೆಂದರೆ ನೋಡಿದವರು ಮೆಚ್ಚಿದರು. ಹೊಲಿಗೆ ಬಿಚ್ಚಿದ ದಿನ ಬೆರಳು ಮಡಚಲಿಲ್ಲ. ಮಾಂಸಖಂಡದಿಂದ ಬೆರಳೆಲುಬಿಗೆ ಬರುವ ಬಿಳಿಯ ಹುರಿ, ಅಂದರೆ ಸ್ನಾಯುರಜ್ಜು, ಒಳಗೆ ತುಂಡಾಗಿದ್ದುದನ್ನು ಯಾರೂ ಪರೀಕ್ಷಿಸಿರಲಿಲ್ಲ. ಮೊದಲ ದಿನಗಳಲ್ಲೇ ತಿಳಿದಿದ್ದರೆ ಕೈಯ ಶಸ್ತ್ರವೈದ್ಯರು ಅದನ್ನು ಜೋಡಿಸಬಹುದಾಗಿತ್ತು. ಹುಲ್ಲಿನ ಹಿಡಿಯನ್ನು ಬಿಗಿಯಾಗಿ ಹಿಡಿಯಲಾರದ ಕೈಗೆ ಅರ್ಧ ಕೂಲಿ. ಎಲ್ಲಿ, ಯಾರು ಎಂಬುದು ಇಲ್ಲಿ ಅಪ್ರಸ್ತುತ.

ಆದ್ದರಿಂದ ಅರಿವಳಿಕೆ ಚುಚ್ಚುವ ಮೊದಲೇ ಮೂರು ಪರೀಕ್ಷೆಗಳು ನಡೆಯಬೇಕು. ಬೆರಳಿನ ಒಂದೊಂದು ಗೆಣ್ಣನ್ನೂ ಬೇರೆಬೇರೆಯಾಗಿ ಮಡಚಿಸಿ, ಬಿಡಿಸಿ ನೋಡುವುದು ಒಂದು. ಬೆರಳ ತುದಿಯ ಎರಡೂ ಪಕ್ಕಗಳನ್ನು ಮೆಲ್ಲಗೆ ಮುಟ್ಟಿ ಸ್ಪರ್ಶಜ್ಞಾನವನ್ನು ವಿಚಾರಿಸುವುದು ಇನ್ನೊಂದು. ಉಗುರನ್ನು ಒತ್ತಿ ಬಿಟ್ಟಾಗ ಬಿಳುಪು ಮಾಯವಾಗಿ 2 ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ ಎಂದು ನೋಡುವುದು ಮತ್ತೊಂದು. ಅರಿವಳಿಕೆ ಹತ್ತಿದ ಮೇಲೆ ಸ್ಪರ್ಶದ ಪ್ರಶ್ನೆಗೆ ಉತ್ತರ ದೊರೆಯದು. ಕೈಗೆ ಗಾಯವಾದವರ ಉಂಗುರವನ್ನು, ಬಾವು ಏರುವ ಮೊದಲೇ ಕಳಚಿಸಿಬಿಡಬೇಕೆಂಬುದನ್ನೂ ಜೊತೆಗೆ ನೆನಪಿಡಬೇಕು.

ನಾಯಿ ಕಚ್ಚಿದ ಗಾಯದ ವಿಷಯ ಬೇರೆ. ಅದನ್ನು ಸಾಬೂನು ನೀರಿನಿಂದ 15 ನಿಮಿಷಗಳ ಕಾಲ ತೊಳೆಯುವುದು ಪ್ರಥಮ ಚಿಕಿತ್ಸೆ. ಬಳಿಕ ತಡಮಾಡದೆ ರೇಬೀಸ್ ಲಸಿಕೆ, ಅಗತ್ಯವಿದ್ದರೆ ಗಾಯದೊಳಕ್ಕೇ ಕೊಡುವ ಇಮ್ಯುನೊಗ್ಲೋಬ್ಯುಲಿನ್. ಅಂಥ ಗಾಯವನ್ನು ಸಾಧ್ಯವಿದ್ದಷ್ಟೂ ಹೊಲಿಯುವುದಿಲ್ಲ. ಅನಿವಾರ್ಯವಾದರೆ ಇಮ್ಯುನೊಗ್ಲೋಬ್ಯುಲಿನ್ ಕೊಟ್ಟು ಕೆಲವು ಗಂಟೆಗಳಾದ ಮೇಲೆ, ವೈದ್ಯರೇ ನೋಡಿ, ಸಡಿಲವಾದ ಕೆಲವೇ ಹೊಲಿಗೆಗಳನ್ನು ಹಾಕುತ್ತಾರೆ. ರೇಬೀಸ್ ತಲೆದೋರಿದ ಮೇಲೆ ಬದುಕಿಸುವ ಔಷಧವಿಲ್ಲ. ಇಲ್ಲಿ ಚಂದವಾದ ಹೊಲಿಗೆಯ ಆಸೆಗೆ ಸ್ಥಳವೇ ಇಲ್ಲ.

ಮಣ್ಣು, ಸೆಗಣಿ ಸೇರಿದ ಗಾಯ, ಕೀವು ತುಂಬಿದ ಗಾಯ, ಜಜ್ಜಿಹೋದ ಗಾಯ ಇವುಗಳನ್ನು ಕೂಡಲೇ ಮುಚ್ಚಿದರೆ ರೋಗಾಣುಗಳನ್ನು ಒಳಗಿಟ್ಟು ಬೀಗ ಹಾಕಿದಂತೆ. ಇವನ್ನು ಶುಚಿಗೊಳಿಸಿ, ತೆರೆದಿಟ್ಟು, ಪಟ್ಟಿ ಬದಲಿಸುತ್ತ 4ನೆಯ ಇಲ್ಲವೆ 5ನೆಯ ದಿನ ಹೊಲಿಯುವ ಕ್ರಮವಿದೆ. ಗಾಯವಾಗಿ 6 ಗಂಟೆ ಕಳೆದರೆ ಹೊಲಿಯಲೇಬಾರದೆಂಬ ಹಳೆಯ ಲೆಕ್ಕವನ್ನು ಈಗ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಗಾಯ ಎಷ್ಟು ಶುಚಿಯಾಗಿದೆ, ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ನೋಡುತ್ತಾರೆ. ಮುಖದಲ್ಲಿ ರಕ್ತಸಂಚಾರ ಸಮೃದ್ಧವಾದುದರಿಂದ ಅಲ್ಲಿ ತಡವಾದರೂ ಹೊಲಿಗೆ ನಿಲ್ಲುತ್ತದೆ.

ತೊಳೆಯುವುದು ಹೊಲಿಯುವುದಕ್ಕಿಂತ ಮೇಲಾದ ಕೆಲಸ. ಹೊಸಬರು ಇದನ್ನು ಆಳುಕಾಳಿನ ಕೆಲಸವೆಂದು ತಿಳಿದು ಬೇಗ ಮುಗಿಸುವುದುಂಟು. ನಿರ್ಜಂತುಕ ಲವಣಜಲವಾಗಲಿ, ಕುಡಿಯಲು ತಕ್ಕ ಶುದ್ಧವಾದ ನೀರಾಗಲಿ, ಧಾರಾಳವಾಗಿ, ಸ್ವಲ್ಪ ಒತ್ತಡದಿಂದ ಗಾಯದ ಮೂಲೆಮೂಲೆಗೂ ಹರಿಯಬೇಕು. ಧನುರ್ವಾಯುವಿನ ಲಸಿಕೆ ಯಾವಾಗ ಆಗಿದೆಯೆಂದು ಕೇಳಬೇಕು. ಕೊಳೆಯಾದ ಗಾಯವಾದರೆ 5 ವರ್ಷ, ಶುಚಿಯಾದ ಸಣ್ಣ ಗಾಯವಾದರೆ 10 ವರ್ಷ ಕಳೆದಿದ್ದರೆ ಮತ್ತೊಮ್ಮೆ ಕೊಡುತ್ತಾರೆ. ಇಲ್ಲಿ ಮನೆಯವರಿಗೆ ಒಂದು ಮಾತು: ಗಾಯದ ಮೇಲೆ ಕಾಫಿಪುಡಿ, ಸುಣ್ಣ, ಅರಸಿನ ಮುಂತಾದುವನ್ನು ಮೆತ್ತಬಾರದು. ಅವನ್ನು ತೆಗೆಯುವುದರಲ್ಲೇ ಆಸ್ಪತ್ರೆಯವರ ಅರ್ಧ ಹೊತ್ತು ಹೋಗುತ್ತದೆ, ರೋಗಿಗೆ ನೋವೂ ಹೆಚ್ಚು. ಶುಭ್ರವಾದ ಬಟ್ಟೆಯನ್ನು ಮಡಚಿಟ್ಟು, ನಡುವೆ ಎತ್ತಿ ನೋಡದೆ, 10 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು ಕರೆತಂದರೆ ಅದೇ ದೊಡ್ಡ ಉಪಕಾರ. ಮನೆಯ ಸೂಜಿದಾರದಿಂದ ಹೊಲಿಯುವ ಸಾಹಸವನ್ನು ಯಾರೂ ಮಾಡಬಾರದು.

ಇನ್ನು ವಿದ್ಯಾರ್ಥಿಗಳ ಅಭ್ಯಾಸದ ಮಾತು. ಬೇಕಾದುವು ನಾಲ್ಕು: ಸೂಜಿಯನ್ನು ಹಿಡಿಯುವ ಇಕ್ಕಳ, ಹಲ್ಲುಳ್ಳ ಚಿಮಟ, ಕತ್ತರಿ, ದಾರ ಕೂಡಿಸಿದ ಬಾಗಿದ ಸೂಜಿ. ದಾರದ ದಪ್ಪವನ್ನು ಸೊನ್ನೆಗಳಿಂದ ಎಣಿಸುತ್ತಾರೆ. ಸೊನ್ನೆ ಹೆಚ್ಚಿದಷ್ಟೂ ದಾರ ಸಣ್ಣದು. ಮುಖಕ್ಕೆ 6-0, ಕೈಕಾಲಿಗೆ 4-0, ತಲೆಗೆ 3-0 ಎಂಬುದು ಸ್ಥೂಲವಾದ ಲೆಕ್ಕ. ಅಭ್ಯಾಸಕ್ಕೆ 3-0 ನೈಲಾನ್ ಅನುಕೂಲ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅವಧಿ ಮೀರಿದ ದಾರದ ಪೊಟ್ಟಣಗಳನ್ನು ಶಿಕ್ಷಕರ ಒಪ್ಪಿಗೆಯಿಂದ ಇದಕ್ಕೆ ಬಳಸಬಹುದು. ರೋಗಿಯ ಮೇಲೆ ಬಳಸಿದ ಸೂಜಿಯನ್ನಾಗಲಿ ದಾರವನ್ನಾಗಲಿ ಎಂದಿಗೂ ಮನೆಗೆ ತರಕೂಡದು.

ಹೊಲಿಯುವ ವಸ್ತು ಯಾವುದು? ನೇಂದ್ರ ಬಾಳೆಯ ದಪ್ಪ ಸಿಪ್ಪೆ ಒಳ್ಳೆಯ ಗುರು. ಅದರಲ್ಲಿ 5 ಸೆಂಟಿಮೀಟರಿನಷ್ಟು ಗೀರಿ ಹೊಲಿಯತೊಡಗಿದರೆ, ದಾರವನ್ನು ತುಸು ಹೆಚ್ಚು ಎಳೆದ ಕೂಡಲೇ ಸಿಪ್ಪೆ ಹರಿಯುತ್ತದೆ. ಶಿಕ್ಷಕರು ಬೈಯುವ ಮೊದಲೇ ಅದು ತಪ್ಪನ್ನು ತೋರಿಸಿಬಿಡುತ್ತದೆ. ಆದರೆ ಬಾಳೆಸಿಪ್ಪೆಗೆ ಚರ್ಮದ ಹಿಗ್ಗುವ ಗುಣವಿಲ್ಲ. ಅದಕ್ಕಾಗಿ ಹಾಸಿಗೆಯ ಸ್ಪಂಜಿನ ಮೇಲೆ ತೆಳ್ಳನೆಯ ರಬ್ಬರು ಹಾಳೆ ಅಂಟಿಸಿ ಮಾಡಿಕೊಂಡ ದಿಂಬು ಉತ್ತಮ. ಕೋಳಿಯ ತೊಡೆಯ ಚರ್ಮ ಇನ್ನೂ ನಿಜಕ್ಕೆ ಹತ್ತಿರ. ಅದರ ಮೇಲೆ ಅಭ್ಯಾಸ ಮಾಡಿದರೆ ಅಡುಗೆಮನೆಯಿಂದ ದೂರ ಕೂತು, ಕೈಗವಸು ಧರಿಸಿ, ಮುಗಿದ ಮೇಲೆ ಹಲಗೆಯನ್ನೂ ಕೈಯನ್ನೂ ಸಾಬೂನಿನಿಂದ ತೊಳೆದು, ಮಾಂಸವನ್ನು ಹೂಳಬೇಕು. ಅದು ಪಾತ್ರೆಗೂ ಹೋಗಬಾರದು, ನಾಯಿಯ ಬಾಯಿಗೂ ಹೋಗಬಾರದು. ಮುರಿದ ಸೂಜಿಯ ಚೂರು ಒಳಗೆ ಉಳಿದಿರಬಹುದು.

ಅಭ್ಯಾಸದ ಕಾಲದಲ್ಲಿ ಬೆಳೆಸಿಕೊಂಡ ಚಾಳಿಯೇ ವಾರ್ಡಿನಲ್ಲಿಯೂ ಕೈಗೆ ಬರುತ್ತದೆ. ಆದಕಾರಣ ಬಾಳೆಸಿಪ್ಪೆಯನ್ನು ಹೊಲಿಯುವಾಗಲೂ ಸೂಜಿಯನ್ನು ಬೆರಳಿನಿಂದ ಮುಟ್ಟಬಾರದು. ಇಕ್ಕಳದಿಂದ ಬಿಟ್ಟರೆ ಚಿಮಟದಿಂದ ಹಿಡಿಯಬೇಕು, ಚಿಮಟದಿಂದ ಮತ್ತೆ ಇಕ್ಕಳಕ್ಕೆ ಕೊಡಬೇಕು. ಕುಳಿತಾಗ ಎಷ್ಟು ಸೂಜಿ ಇದ್ದುವೋ ಏಳುವಾಗ ಅಷ್ಟೇ ಎಣಿಕೆಗೆ ಸಿಗಬೇಕು. ಆಸ್ಪತ್ರೆಗಳಲ್ಲಿ ಚೂಪಾದ ವಸ್ತುಗಳನ್ನು ಹಾಕಲು, ಚುಚ್ಚಿ ಹೊರಬರಲಾಗದಂಥ ಬಿಳಿಯ ಡಬ್ಬಿಯನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ವಿಧಿಸಿವೆ. ಮನೆಯಲ್ಲಿ ಮುಚ್ಚಳವುಳ್ಳ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಕಾಲೇಜಿನ ಡಬ್ಬಿಗೆ ತಲಪಿಸಬೇಕು. ಕಸದ ಬುಟ್ಟಿಗೆ ಎಸೆದ ಸೂಜಿ ನಾಳೆ ಚುಚ್ಚುವುದು ಕಸ ಹೆಕ್ಕುವವರ ಕೈಗೆ. ವಾರ್ಡಿನಲ್ಲಿ ಬಳಸಿದ ಸೂಜಿ ಚುಚ್ಚಿದರೆ ಹಿಂಡದೆ, ಸಾಬೂನು ನೀರಿನಿಂದ ತೊಳೆದು, ಆ ಕ್ಷಣವೇ ಮೇಲಿನವರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಆ ಹೊತ್ತು ಕಳೆದುಹೋಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನಂತೂ ವಾರ್ಡಿಗೆ ಕಾಲಿಡುವ ಮೊದಲೇ ಮುಗಿಸಿರಬೇಕು.

ಈಗ ಬಿಡಿಹೊಲಿಗೆಯನ್ನು ಹಾಕುವ ಕ್ರಮ. ಮೊದಲ ತಿಂಗಳು ಇದೊಂದನ್ನೇ ಅಭ್ಯಾಸ ಮಾಡಿದರೂ ಸಾಕು. ಸೂಜಿಯ ಮೊನೆಯಿಂದ ಎಣಿಸಿ ಮೂರರಲ್ಲಿ ಎರಡು ಪಾಲು ದಾಟಿದ ಸ್ಥಳದಲ್ಲಿ ಅದನ್ನು ಇಕ್ಕಳದ ತುದಿಯಿಂದ ಹಿಡಿಯಬೇಕು. ಇಕ್ಕಳದ ಬಳೆಗಳಲ್ಲಿ ಹೆಬ್ಬೆರಳೂ ಉಂಗುರಬೆರಳೂ ಇರಲಿ. ತೋರುಬೆರಳು ಉದ್ದಕ್ಕೆ ಚಾಚಿ ದಾರಿ ತೋರಿಸಲಿ. ಚಿಮಟದಿಂದ ಅಂಚನ್ನು ಜಜ್ಜದೆ, ಮೆಲ್ಲಗೆ ಎತ್ತಿ ಹಿಡಿದು, ಅಂಚಿನಿಂದ ಸುಮಾರು 5 ಮಿಲಿಮೀಟರು ದೂರದಲ್ಲಿ ಸೂಜಿಯ ಮೊನೆಯನ್ನು ಚರ್ಮಕ್ಕೆ ನೆಟ್ಟಗೆ ಊರಬೇಕು. ಓರೆಯಾಗಿ ಊರಿದರೆ ಹೊಲಿಗೆ ಮೇಲೆಮೇಲೆ ಹೋಗಿ ಅಂಚು ಒಳಮಡಚಿಕೊಳ್ಳುತ್ತದೆ. ಊರಿದ ಮೇಲೆ ತಳ್ಳುವುದಲ್ಲ, ಮಣಿಕಟ್ಟನ್ನು ತಿರುಗಿಸುವುದು. ಬೀಗದಲ್ಲಿ ಕೀಲಿಕೈ ತಿರುಗಿದಂತೆ ಸೂಜಿ ತನ್ನ ಬಾಗನ್ನೇ ಅನುಸರಿಸಿ ಗಾಯದ ನಡುವೆ ಮೊನೆ ತೋರಬೇಕು. ಅಲ್ಲಿ ಅದನ್ನು ಹಿಡಿದು ತೆಗೆದು, ಎದುರು ಅಂಚಿನಲ್ಲಿ ಅಷ್ಟೇ ಆಳದಿಂದ ಹೊಗಿಸಿ, ಅಷ್ಟೇ ದೂರದಲ್ಲಿ ಹೊರತರಬೇಕು. ಎರಡು ಕಡೆಯ ಆಳ ಸಮವಾಗದಿದ್ದರೆ ಒಂದು ಅಂಚು ಇನ್ನೊಂದರ ಮೇಲೆ ಏರಿ ಕುಳಿತು, ಗಾಯ ಮಾಗಿದ ಮೇಲೆ ಮೆಟ್ಟಿಲಿನಂತೆ ಉಳಿಯುತ್ತದೆ. ಬಾಳೆಸಿಪ್ಪೆಯನ್ನು ಬಗ್ಗಿಸಿ ಪಕ್ಕದಿಂದ ನೋಡಿದರೆ ಈ ದೋಷ ಎದ್ದು ಕಾಣುತ್ತದೆ.

ಗಂಟಿನ ವಿಷಯದಲ್ಲಿ ಅವಸರ ಬೇಡ. ದಾರದ ಚಿಕ್ಕ ತುದಿ 2 ಸೆಂಟಿಮೀಟರು ಉಳಿಯುವಂತೆ ಎಳೆದು, ಉದ್ದ ದಾರವನ್ನು ಇಕ್ಕಳದ ಮೂತಿಗೆ ಎರಡು ಸಲ ಸುತ್ತಿ, ಚಿಕ್ಕ ತುದಿಯನ್ನು ಕಚ್ಚಿ ಎಳೆದರೆ ಮೊದಲ ಗಂಟು ಚಪ್ಪಟೆಯಾಗಿ ಕೂರುತ್ತದೆ. ಎರಡನೆಯ ಸಲ ಒಂದೇ ಸುತ್ತು, ಆದರೆ ವಿರುದ್ಧ ದಿಕ್ಕಿನಿಂದ. ಮೂರನೆಯದು ಮತ್ತೆ ಮೊದಲಿನ ದಿಕ್ಕಿನಿಂದ, ನಾಲ್ಕನೆಯದು ಮತ್ತೆ ವಿರುದ್ಧವಾಗಿ. ಒಂದೇ ದಿಕ್ಕಿನಲ್ಲಿ ಸುತ್ತುತ್ತ ಹೋದರೆ ಜಾರುಗಂಟಾಗುತ್ತದೆ. ನೈಲಾನ್ ಮೊದಲೇ ನುಣುಪು, ರಾತ್ರಿ ಬೆಳಗಾಗುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಅಂಚುಗಳು ಒಂದನ್ನೊಂದು ಮುಟ್ಟಿ, ತುಸುವೇ ಹೊರಕ್ಕೆ ಉಬ್ಬಿ ನಿಂತ ಕ್ಷಣ ಎಳೆತವನ್ನು ನಿಲ್ಲಿಸಬೇಕು. ಮರುದಿನ ಬಾವು ಬಂದೇ ಬರುತ್ತದೆ, ಅದಕ್ಕೂ ಸ್ಥಳ ಬೇಕು. ಗಂಟನ್ನು ಗಾಯದ ಗೆರೆಯ ಮೇಲೆ ಬಿಡದೆ ಒಂದು ಪಕ್ಕಕ್ಕೆ ಸರಿಸಬೇಕು. ಉದ್ದವಾದ ಗಾಯಕ್ಕೆ ಮೊದಲ ಹೊಲಿಗೆಯನ್ನು ನಟ್ಟನಡುವೆ ಹಾಕಿ, ಉಳಿದುದನ್ನು ಅರ್ಧರ್ಧ ಮಾಡುತ್ತ ಹೋದರೆ ಕೊನೆಯಲ್ಲಿ ಚರ್ಮ ನೆರಿಗೆಗಟ್ಟುವುದಿಲ್ಲ. ಉದ್ದಕ್ಕೆ ಓಡುವ ಹೊಲಿಗೆ, ಅಂಚನ್ನು ಹೊರಕ್ಕೆ ಉಬ್ಬಿಸುವ ಹಾಸುಹೊಲಿಗೆ ಮುಂತಾದುವು ಇದರ ಮೇಲೆಯೇ ನಿಂತಿವೆ. ಅವು ಮುಂದಿನ ಪಾಠ.

ಜೀವವಿರುವ ಚರ್ಮದ ಮೇಲೆ ಮೊದಲ ಹೊಲಿಗೆ, ಬಲ್ಲವರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಮಾತ್ರ. ತನ್ನ ಮೈಮೇಲೆ, ಗೆಳೆಯರ ಮೈಮೇಲೆ ಅಭ್ಯಾಸ ಮಾಡುವ ಹುಡುಗಾಟಿಕೆಯನ್ನು ಯಾವ ಶಿಕ್ಷಕರೂ ಕ್ಷಮಿಸಬಾರದು. ಅರಿವಳಿಕೆಯ ಔಷಧವನ್ನೂ ಪ್ರಮಾಣವನ್ನೂ ನಿರ್ಣಯಿಸುವವರು ವೈದ್ಯರು. ಹಿಂದೆ ಅಂಥ ಔಷಧ ಒಗ್ಗದೆ ಹೋದುದುಂಟೇ ಎಂದು ರೋಗಿಯನ್ನು ಅವನ ಮಾತಿನಲ್ಲಿ ಕೇಳುವುದು ಶುಶ್ರೂಷಕಿಗೆ ಸಾಧ್ಯವಾದ ಸಹಾಯ. ರೋಗಿಯನ್ನು ಮಲಗಿಸಿಯೇ ಹೊಲಿಯಬೇಕು, ಕೂತವರು ತಲೆ ಸುತ್ತಿ ಬೀಳುವುದುಂಟು. ನೋಡುತ್ತ ನಿಂತ ನೆಂಟರೂ ಬೀಳುವುದುಂಟು; ಅವರಿಗೊಂದು ಬೆಂಚು ತೋರಿಸುವುದು ಲೇಸು. ಏನು ಮಾಡುತ್ತಿದ್ದೇವೆಂಬುದನ್ನು ಮೆಲುದನಿಯಲ್ಲಿ ಹೇಳುತ್ತ ಹೋದರೆ, ಮುದುಕಿಯೊಬ್ಬಳು ಬಿಗಿಹಿಡಿದ ಕೈ ತಾನಾಗಿಯೇ ಸಡಿಲವಾಗುವುದನ್ನು ನಾವು ಕಂಡಿದ್ದೇವೆ.

ಹೊಲಿಗೆ ಬಿಚ್ಚುವ ಕಾಲ ಸ್ಥಳದಿಂದ ಸ್ಥಳಕ್ಕೆ ಬೇರೆ. ಮುಖದಲ್ಲಿ 5 ದಿನ, ತಲೆಯಲ್ಲಿ 7ರಿಂದ 10, ಕೈಕಾಲುಗಳಲ್ಲಿ 10ರ ಸುಮಾರು, ಕೀಲುಗಳ ಮೇಲೆ 14ರವರೆಗೆ. ಅದಕ್ಕೆ ಮುಂಚೆ ಗಾಯ ಕೆಂಪಗಾಗಿ ಬಿಸಿಯೇರಿದರೆ, ಕೀವು ಒಸರಿದರೆ, ಜ್ವರ ಬಂದರೆ, ದಿನ ಎಣಿಸದೆ ಬರಬೇಕೆಂದು ಮನೆಗೆ ಹೋಗುವಾಗಲೇ ಹೇಳಿ ಕಳುಹಿಸಬೇಕು. ಬಿಚ್ಚುವಾಗ ಗಂಟನ್ನು ಚಿಮಟದಿಂದ ಎತ್ತಿ, ಚರ್ಮಕ್ಕೆ ತಾಗಿದಂತೆ ಒಂದು ಕಡೆ ಮಾತ್ರ ಕತ್ತರಿಸಿ ಎಳೆಯಬೇಕು. ಹೊರಗಿದ್ದು ಕೊಳೆಯಾದ ದಾರ ಚರ್ಮದೊಳಗಿನಿಂದ ಹಾದು ಬರಬಾರದು. ಎಳೆಯುವ ದಿಕ್ಕು ಗಾಯದ ಕಡೆಗಿರಲಿ, ಹೊರಕ್ಕೆ ಎಳೆದರೆ ಅಂಚು ಬಿರಿಯುತ್ತದೆ. ಒಂದನ್ನು ಬಿಟ್ಟು ಒಂದನ್ನು ಮೊದಲು ಬಿಚ್ಚಿ, ಗಾಯ ಹಿಡಿದು ನಿಂತಿದೆಯೆಂದು ಕಂಡ ಮೇಲೆ ಉಳಿದುವನ್ನು ತೆಗೆಯುವುದು ಜಾಣತನ. ದಾರ ಹೋದ ದಿನವೇ ತೋಟದ ಕೆಲಸಕ್ಕೆ ಇಳಿಯುವೆನೆಂದು ಹೊರಟವರಿಗೆ, ಒಳಗಿನ ಬಲ ಇನ್ನೂ 10ರಲ್ಲಿ ಒಂದು ಪಾಲೆಂಬುದನ್ನು ತಿಳಿಸಿ, ಮರ ಹತ್ತುವುದು, ಹಗ್ಗ ಎಳೆಯುವುದು, ಗೊನೆ ಹೊರುವುದು ಮುಂತಾದ ಕೆಲಸಗಳನ್ನು ಇನ್ನೂ ಕೆಲವು ವಾರ ಮನೆಯ ಬೇರೆಯವರಿಗೆ ಬಿಡುವಂತೆ ಹೇಳಬೇಕು. ಜೊತೆಗೆ ಬಂದವರ ಕಿವಿಗೂ ಆ ಮಾತು ಬಿದ್ದರೆ ಒಳ್ಳೆಯದು.